ಬಣ್ಣಗಳ ಪೆರೇಡು

ವಿಮ್ ಎಂಬ ಎಡಿಟರನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಅದರ ಬೆನ್ನಿಗೇ 'ಕಲರ್ಸ್' ಅನ್ನುವ ಫೋಲ್ಡರೊಂದು ಬಂದು ಕೂರುತ್ತದೆ. ಒಳಗೆ ಇಣುಕಿದರೆ ಚಿತ್ರವಿಚಿತ್ರ ಹೆಸರುಗಳು: ಡೆಸರ್ಟ್, ಈವ್ನಿಂಗ್, ಎಲ್ಫ್‌ಲಾರ್ಡ್, ಪೀಚ್‌ಪಫ್, ಪಾಬ್ಲೊ, ರಾನ್, ಟಾರ್ಟ್, ಝೆಲ್ನರ್. ಇವೆಲ್ಲ ಕಲರ್ ಸ್ಕೀಮುಗಳು. ಪರದೆ ಮೇಲಿನ ಕೋಡಿನಲ್ಲಿ ಯಾವ ಬಗೆಯ ಪದಕ್ಕೆ ಯಾವ ಬಣ್ಣ ಎಂದು ಹೇಳುವ ಚಿಕ್ಕ ಕಡತಗಳು. ಪ್ರೋಗ್ರಾಮಿನ ಕೀವರ್ಡಿಗೆ ಹಳದಿ, ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗಿಗೆ ಗುಲಾಬಿ, ಕಮೆಂಟಿಗೆ ಬೂದು, ಹೀಗೆ. ಹೆಸರನ್ನು ನಂಬಿ ಆರಿಸಹೊರಟರೆ ಕೆಟ್ಟಿರಿ. ಮರುಭೂಮಿಯ ಹೆಸರಿನ ಡೆಸರ್ಟಿಗೂ ಸಂಜೆಯ ಹೆಸರಿನ ಈವ್ನಿಂಗಿಗೂ ಹಿನ್ನೆಲೆ ಒಂದೇ: ಕೆಂಪು, ಹಸಿರು, ನೀಲಿ ಮೂರೂ 51ರಷ್ಟಿರುವ ಕಡುಬೂದು. ಇನ್ನು ರಾನ್ ಅಂದರೆ ಏನೆಂದು ಊಹಿಸುವುದು?

ಒಂದೊಂದೇ ಹೆಸರನ್ನು ಟೈಪ್ ಮಾಡಿ, ಎಂಟರ್ ಒತ್ತಿ, ನೋಡಿ, ಮತ್ತೆ ಮುಂದಿನದನ್ನು ಟೈಪ್ ಮಾಡುವಷ್ಟು ತಾಳ್ಮೆ ಯಾರಿಗೂ ಇಲ್ಲ. ಹಾಗಾಗಿ ಇದ್ದಬದ್ದ ಸ್ಕೀಮುಗಳನ್ನೆಲ್ಲ ಕಣ್ಣೆದುರು ಸಾಲಾಗಿ ಹಾಯಿಸುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಳ್ಳುವುದು ಪ್ರೋಗ್ರಾಮರುಗಳ ಹಳೆಯ ಚಟ. ಹತ್ತು ಸಾಲಿನ ಕೆಲಸ ಎಂದುಕೊಂಡೇ ಎಲ್ಲರೂ ಕೂರುತ್ತಾರೆ. ಅದು ನಿಜವೂ ಹೌದು, ಪೆರೇಡು ನಡೆಸುವುದಷ್ಟೇ ಗುರಿಯಾಗಿದ್ದರೆ. ಆ ಪೆರೇಡನ್ನು ನೋಡಿ ಸರಿಯಾದ ತೀರ್ಪು ಕೊಡಬೇಕು ಎಂದಾಗ ವಿಷಯ ಕಂಪ್ಯೂಟರನ್ನು ಬಿಟ್ಟು ಕಣ್ಣಿನೊಳಗೆ ಹೋಗುತ್ತದೆ.

ಎಡಿಟರಿಗೆ ಈ ಬಣ್ಣಗಳು ಹುಟ್ಟಿನಿಂದ ಬಂದವಲ್ಲ. ವಿಮ್‌ನ ಕರ್ತೃ ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಅದನ್ನು ಹೊರತಂದಾಗ ಕೋಡೆಲ್ಲ ಒಂದೇ ಬಣ್ಣದಲ್ಲಿತ್ತು. ಪದಗಳ ವ್ಯಾಕರಣ ನೋಡಿ ಬಣ್ಣ ಹಚ್ಚುವ ಸೌಲಭ್ಯ ಬಂದದ್ದು 1998ರ 5.0 ಆವೃತ್ತಿಯಲ್ಲಿ. ಆಮೇಲೆ ಇದೊಂದು ಕಲೆಯೇ ಆಗಿಹೋಯಿತು. 2006ರಲ್ಲಿ ವಿಮರ್ ಹಾಜೆನ್‌ಬರ್ಗ್ 'ಮೊನೊಕೈ' ಮಾಡಿದರು, 2011ರಲ್ಲಿ ಈಥನ್ ಸ್ಕೂನೋವರ್ 'ಸೋಲರೈಸ್ಡ್' ಬಿಟ್ಟರು, 2013ರಲ್ಲಿ ಬ್ರೆಜಿಲಿನ ಝೆನೊ ರೋಶಾ 'ಡ್ರಾಕ್ಯುಲಾ' ಶುರುಮಾಡಿದರು. ಇಂದು ಈ ಮೂರೂ ಬಹುತೇಕ ಎಲ್ಲ ಎಡಿಟರುಗಳಿಗೂ ಸಿಗುತ್ತವೆ. ಇವುಗಳ ಹಿಂದೆ ಬಂದವುಗಳ ಲೆಕ್ಕ ಇಟ್ಟವರಿಲ್ಲ.

ಮೊದಲ ಹತ್ತು ಸಾಲು

ವಿಮ್‌ಗೆ ತನ್ನದೇ ಸ್ಕ್ರಿಪ್ಟ್ ಭಾಷೆ ಇದೆ. ಕಲರ್ಸ್ ಫೋಲ್ಡರಿನಲ್ಲಿ ಏನೇನಿದೆ ಎಂದು ನಾವೇ ಹೋಗಿ ಹುಡುಕಬೇಕಿಲ್ಲ. ಆಜ್ಞೆ ಟೈಪ್ ಮಾಡುವಾಗ ಟ್ಯಾಬ್ ಒತ್ತಿದರೆ ಪೂರ್ತಿ ಹೆಸರು ತುಂಬಿಕೊಡುತ್ತದಲ್ಲ, ಅದೇ ಪಟ್ಟಿಯನ್ನು ಸ್ಕ್ರಿಪ್ಟಿಗೂ ಕೊಡುವ 'ಗೆಟ್‌ಕಂಪ್ಲೀಷನ್' ಎಂಬ ಫಂಕ್ಷನ್ ಇದೆ. ಅದಕ್ಕೆ 'ಬಣ್ಣದ ಪಟ್ಟಿ ಕೊಡು' ಎಂದರೆ ಸಾಕು, ನೀವು ಬೇರೆಡೆಯಿಂದ ತಂದು ಹಾಕಿಕೊಂಡವುಗಳನ್ನೂ ಸೇರಿಸಿ ಕೊಡುತ್ತದೆ. ಪಟ್ಟಿಯ ಮೇಲೊಂದು ಲೂಪ್. ಪ್ರತಿ ಸುತ್ತಿನಲ್ಲಿ ಒಂದು ಸ್ಕೀಮನ್ನು ಹಚ್ಚು, ಒಂದು ಸೆಕೆಂಡ್ ತಡೆ, ಮುಂದಿನದಕ್ಕೆ ಹೋಗು. ಮುಗಿಯಿತು.

ಓಡಿಸಿ ನೋಡಿದರೆ ಪೆರೇಡೇ ಇಲ್ಲ. ಎಡಿಟರು ಒಂದಷ್ಟು ಹೊತ್ತು ಮಿಸುಕಾಡದೆ ನಿಂತು, ಕೊನೆಗೆ ಪಟ್ಟಿಯ ಕಡೆಯ ಸ್ಕೀಮನ್ನು ತೊಟ್ಟುಕೊಂಡು ಎದ್ದು ಬರುತ್ತದೆ. ಯಾಕೆಂದರೆ ಸ್ಕ್ರಿಪ್ಟ್ ಓಡುತ್ತಿರುವಾಗ ಪರದೆಯನ್ನು ಹೊಸದಾಗಿ ಬರೆಯುವ ಕೆಲಸವನ್ನು ವಿಮ್ ಮುಂದಕ್ಕೆ ಹಾಕುತ್ತದೆ. ಇದು ಸೋಮಾರಿತನವಲ್ಲ, ಮನೆತನದ ಗುಣ. ವಿಮ್‌ನ ಪೂರ್ವಜ 'ವಿಐ'ಯನ್ನು 1976ರ ಸುಮಾರಿಗೆ ಬಿಲ್ ಜಾಯ್ ಬರ್ಕ್ಲಿಯಲ್ಲಿ ಬರೆಯುವಾಗ ಅವರ ಟರ್ಮಿನಲ್ಲು 300 ಬಾಡ್ ವೇಗದ ಮೋಡೆಮಿನ ತುದಿಯಲ್ಲಿತ್ತು. ಸೆಕೆಂಡಿಗೆ ಸುಮಾರು 30 ಅಕ್ಷರ. ಸಾಲಿಗೆ 80ರಂತೆ 24 ಸಾಲು ಅಂದರೆ 1920 ಅಕ್ಷರ. ಪರದೆ ಒಮ್ಮೆ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿ ಬೇಕಿತ್ತು. ಅಂಥ ದಿನಗಳಲ್ಲಿ ಹುಟ್ಟಿದ ಕುಲಕ್ಕೆ 'ಬೇಕಾದಾಗ ಮಾತ್ರ ಬರೆ' ಅನ್ನುವುದು ರಕ್ತಗತ. ಆದ್ದರಿಂದ ಪ್ರತಿ ಸುತ್ತಿನಲ್ಲೂ 'ರೀಡ್ರಾ' ಎಂದು ಬಾಯಿಬಿಟ್ಟು ಹೇಳಬೇಕು. ಈ ಒಂದು ಪದ ಸೇರಿಸಿದ ಮೇಲೆ ಬಣ್ಣಗಳು ಮೆರವಣಿಗೆ ಹೊರಡುತ್ತವೆ.

ಒಂದು ಸೆಕೆಂಡ್ ತಡೆಯುವುದನ್ನೂ ನಾನು ಒಪ್ಪುವುದಿಲ್ಲ. ಚೆನ್ನಾಗಿರುವುದಕ್ಕೆ ಅದು ಸಾಲದು, ಕೆಟ್ಟದ್ದಕ್ಕೆ ಜಾಸ್ತಿ. ಅದರ ಬದಲು ಒಂದು ಕೀಲಿಗಾಗಿ ಕಾಯುವಂತೆ ಮಾಡಬೇಕು: ಒಂದು ಕೀಲಿ ಮುಂದಕ್ಕೆ, ಒಂದು ಹಿಂದಕ್ಕೆ, ಒಂದು 'ಇದೇ ಇರಲಿ' ಎನ್ನಲು, ಒಂದು 'ಏನೂ ಬೇಡ, ಮೊದಲಿದ್ದದ್ದೇ ಸಾಕು' ಎನ್ನಲು. ಆ ಕೊನೆಯದಕ್ಕಾಗಿ, ಶುರುವಿನಲ್ಲೇ ಈಗಿನ ಸ್ಕೀಮಿನ ಹೆಸರನ್ನೂ ಹಿನ್ನೆಲೆ ಕಪ್ಪೋ ಬಿಳಿಯೋ ಎಂಬ ಆಯ್ಕೆಯನ್ನೂ ಬರೆದಿಟ್ಟುಕೊಂಡಿರಬೇಕು. ನಡುವೆ ಯಾವುದೋ ಹಾಳು ಸ್ಕೀಮು ಎಡವಿ ಬಿದ್ದು ಇಡೀ ಸಾಲನ್ನೇ ನಿಲ್ಲಿಸದಂತೆ ಒಂದು ಟ್ರೈ-ಕ್ಯಾಚ್ ಬೇಲಿಯೂ ಬೇಕು. ವಿಷುವಲ್ ಸ್ಟುಡಿಯೊ ಕೋಡ್ ಬಳಸುವವರಿಗೆ ಈ ತಾಪತ್ರಯವಿಲ್ಲ. ಅಲ್ಲಿ ಕಂಟ್ರೋಲ್-ಕೆ, ಕಂಟ್ರೋಲ್-ಟಿ ಒತ್ತಿ ಬಾಣದ ಕೀಲಿಯಲ್ಲಿ ಇಳಿಯುತ್ತ ಹೋದರೆ ಎಡಿಟರೇ ಒಂದೊಂದನ್ನೂ ತೊಟ್ಟು ತೋರಿಸುತ್ತದೆ. ಆದರೆ ಮುಂದೆ ಹೇಳಲಿರುವ ತಕರಾರುಗಳು ಅಲ್ಲೂ ತಪ್ಪಿದ್ದಲ್ಲ.

ಹಿಂದಿನದರ ಉಳಿಕೆ

ಮೊದಲ ತಕರಾರು ಎಡಿಟರಿನದೇ. ಒಳ್ಳೆಯ ಸ್ಕೀಮು ತನ್ನ ಬಣ್ಣ ಹಚ್ಚುವ ಮುಂಚೆ ಹಿಂದಿನವರು ಹಚ್ಚಿದ್ದನ್ನೆಲ್ಲ ಒರೆಸುತ್ತದೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಒಬ್ಬಾತ ಕೀವರ್ಡು, ಸ್ಟ್ರಿಂಗು, ಕಮೆಂಟುಗಳಿಗೆ ಬಣ್ಣ ಕೊಟ್ಟು, ಹುಡುಕಿದ ಪದವನ್ನು ಎತ್ತಿ ತೋರಿಸುವ ಬಣ್ಣವನ್ನು ಮರೆತನೆನ್ನಿ. ಆಗ ಅಲ್ಲಿ ಹಿಂದಿನ ಸ್ಕೀಮಿನ ಬಣ್ಣವೇ ಉಳಿದಿರುತ್ತದೆ. ಅಕಾರಾದಿಯಾಗಿ ನೋಡಿದಾಗ ಸೊಗಸಾಗಿ ಕಂಡದ್ದು ಹಿಂದುಮುಂದಾಗಿ ನೋಡಿದಾಗ ಅಸಹ್ಯವಾಗಿ ಕಂಡರೆ ಕಾರಣ ಇದೇ. ಎಮ್ಯಾಕ್ಸ್ ಎಂಬ ಇನ್ನೊಂದು ಹಳೆಯ ಎಡಿಟರಿನಲ್ಲಂತೂ ಹೊಸ ಥೀಮು ಹಳೆಯದರ ಮೇಲೆ ಪದರವಾಗಿ ಕೂರುತ್ತದೆ. ಕೆಳಗಿನದನ್ನು ನಾವೇ ಎತ್ತಿ ತೆಗೆಯಬೇಕು. ಆದ್ದರಿಂದ ಪ್ರಿವ್ಯೂ ಸ್ಕ್ರಿಪ್ಟು ಯಾರನ್ನೂ ನಂಬದೆ ಪ್ರತಿ ಸುತ್ತಿಗೂ ತಾನೇ ಹಲಗೆ ಒರೆಸಬೇಕು.

ಎಡಿಟರಿನ ನೆನಪನ್ನು ಹೀಗೆ ಒರೆಸಬಹುದು. ನೋಡುವವನ ಕಣ್ಣಿನಲ್ಲಿ ಉಳಿದದ್ದನ್ನು ಒರೆಸುವುದು ಹೇಗೆ?

ಪ್ಯಾರಿಸಿನ ಗೊಬೆಲಿನ್ ಎಂಬಲ್ಲಿ ರಾಜಮನೆತನಕ್ಕೆ ಚಿತ್ರಗಂಬಳಿ ನೇಯುವ ಕಾರ್ಖಾನೆಯೊಂದಿತ್ತು. 1824ರಲ್ಲಿ ಅಲ್ಲಿನ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿ ಮಿಶೆಲ್ ಯೂಜೀನ್ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ ಬಂದ. ಬಂದವನಿಗೆ ನೇಕಾರರ ದೂರು ಕಾದಿತ್ತು: ನೀಲಿ, ನೇರಳೆ ಬಟ್ಟೆಯ ನೆರಳು ನೇಯಲು ಬಳಸುವ ಕಪ್ಪು ನೂಲಿಗೆ ಕಸುವೇ ಇಲ್ಲ, ಬಣ್ಣ ಕಳಪೆ. ಶೆವ್ರೆಲ್ ಬೇರೆ ಕಾರ್ಖಾನೆಗಳ ಕಪ್ಪು ನೂಲು ತರಿಸಿ ಪಕ್ಕಪಕ್ಕ ಇಟ್ಟು ನೋಡಿದ. ನೂಲಿನಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದ ನೀಲಿಯೇ ಕಪ್ಪನ್ನು ಪೇಲವಗೊಳಿಸುತ್ತಿತ್ತು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನಗೆ ವಿರುದ್ಧವಾದ ಕಡೆಗೆ ತಳ್ಳುತ್ತದೆ ಎಂದು ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಪುಣ್ಯಾತ್ಮ 102 ವರ್ಷ ಬದುಕಿದ.

ನೆರೆಹೊರೆಯ ಈ ಪ್ರಭಾವದ ಜೊತೆಗೆ ಹಿಂದುಮುಂದಿನ ಪ್ರಭಾವವೂ ಇದೆ. ಕೆಂಪು ಚೌಕವನ್ನು ದಿಟ್ಟಿಸಿ ನೋಡಿ ಬಿಳಿ ಗೋಡೆಯತ್ತ ತಿರುಗಿದರೆ ಹಸಿರು-ನೀಲಿ ಛಾಯೆಯ ಚೌಕ ತೇಲುತ್ತದೆ. ಬಣ್ಣ ಗುರುತಿಸುವ ಕಣ್ಣಿನ ಶಂಕುಕೋಶಗಳಲ್ಲಿ ಕೆಂಪಿಗೆ ಹೆಚ್ಚು ಮಿಡಿದವು ಆ ಗಳಿಗೆಯಲ್ಲಿ ದಣಿದಿರುತ್ತವೆ. ಬಣ್ಣದ ಪೆರೇಡಿನಲ್ಲಿ ಇದು ನಿರಂತರವಾಗಿ ನಡೆಯುತ್ತದೆ. ಬೆಳ್ಳನೆಯ 'ಮಾರ್ನಿಂಗ್' ಎಂಬ ಸ್ಕೀಮನ್ನು ನೋಡಿದ ಮರುಕ್ಷಣ ಕಡುಬಣ್ಣದ ಸ್ಕೀಮು ಬಂದರೆ ಅದು ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ. ಕಣ್ಣಿನ ಪಾಪೆ 2 ಮಿಲಿಮೀಟರಿನಿಂದ 8 ಮಿಲಿಮೀಟರಿನವರೆಗೆ ಹಿಗ್ಗಿ ಕುಗ್ಗಬಲ್ಲದು. ಅದು ಬೇಗ ಆಗುವ ಕೆಲಸ. ಆದರೆ ಕತ್ತಲಿಗೆ ಶಂಕುಕೋಶಗಳು ಪೂರ್ತಿ ಹೊಂದಿಕೊಳ್ಳಲು ಹತ್ತು ನಿಮಿಷದಷ್ಟು ಹಿಡಿಯುತ್ತದೆ. ಅಕಾರಾದಿ ಕ್ರಮ ಇಲ್ಲಿ ಅನ್ಯಾಯದ ಕ್ರಮ.

ಪರಿಹಾರ ಸುಲಭ. ಪ್ರತಿಯೊಂದು ಸ್ಕೀಮನ್ನೂ ಒಮ್ಮೆ ಗುಟ್ಟಾಗಿ ಹಚ್ಚಿ, ಅದರ ಹಿನ್ನೆಲೆ ಬಣ್ಣ ಏನೆಂದು ಎಡಿಟರನ್ನೇ ಕೇಳಿ ಬರೆದುಕೊಳ್ಳಬೇಕು. ಆಮೇಲೆ ಪಟ್ಟಿಯನ್ನು ಹೆಸರಿನ ಪ್ರಕಾರವಲ್ಲ, ಹಿನ್ನೆಲೆಯ ಹೊಳಪಿನ ಪ್ರಕಾರ ಜೋಡಿಸಬೇಕು. ಕಡುಕಪ್ಪಿನಿಂದ ಶುರುವಾಗಿ ಮೆಲ್ಲಗೆ ಬೆಳಗಾಗುತ್ತ ಬಿಳಿಯಲ್ಲಿ ಮುಗಿಯುವ ಸಾಲು. ಅಕ್ಕಪಕ್ಕದ ಎರಡು ಸ್ಕೀಮುಗಳ ನಡುವೆ ಜಿಗಿತ ಸಣ್ಣದಾದಾಗ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ. ನಾನು ನೋಡಿದ ಪ್ರಿವ್ಯೂ ಸ್ಕ್ರಿಪ್ಟುಗಳಲ್ಲಿ ಬಹುತೇಕ ಯಾವುದೂ ಇದನ್ನು ಮಾಡುವುದಿಲ್ಲ ಅನ್ನುವುದು ನನಗೆ ಸೋಜಿಗ.

ಅಳತೆಗೋಲು

ಹೊಳಪಿನ ಪ್ರಕಾರ ಜೋಡಿಸಬೇಕಾದರೆ ಹೊಳಪನ್ನು ಅಳೆಯಬೇಕಲ್ಲ. ಕೆಂಪು, ಹಸಿರು, ನೀಲಿ ಅಂಕಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಆಗುವುದಿಲ್ಲವೇ? ಆಗುವುದಿಲ್ಲ, ಎರಡು ಕಾರಣಕ್ಕೆ.

ಒಂದು, ಕಡತದಲ್ಲಿರುವ 0ಯಿಂದ 255ರ ಅಂಕಿ ಬೆಳಕಿನ ನೇರ ಅಳತೆಯಲ್ಲ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಮುಂದಿಟ್ಟ ಎಸ್‌ಆರ್‌ಜಿಬಿ ಪದ್ಧತಿಯಲ್ಲಿ ಆ ಅಂಕಿಯನ್ನು ಸರಿಸುಮಾರು 2.2ರ ಘಾತಕ್ಕೆ ಏರಿಸಿದಾಗ ಬೆಳಕು ಸಿಗುತ್ತದೆ. 128 ಎಂದು ಬರೆದರೆ ಪರದೆ ಅರ್ಧದಷ್ಟು ಬೆಳಗುವುದಿಲ್ಲ, ಐದನೇ ಒಂದರಷ್ಟು ಬೆಳಗುತ್ತದೆ. ಎರಡು, ಮೂರು ಬಣ್ಣಗಳಿಗೆ ಕಣ್ಣು ಸಮಾನ ಗೌರವ ಕೊಡುವುದಿಲ್ಲ. ಒಟ್ಟು ಹೊಳಪಿನಲ್ಲಿ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು ಬರಿಯ 0.0722. ನಮ್ಮ ಅಕ್ಷಿಪಟದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು ಸುಮಾರು 560, 530 ಮತ್ತು 420 ನ್ಯಾನೊಮೀಟರ್ ಅಲೆಯುದ್ದಗಳಿಗೆ. ಕೊನೆಯದು, ನೀಲಿ ಕಡೆಗಿನದು, ಸಂಖ್ಯೆಯಲ್ಲೇ ಕಡಿಮೆ. ಅದಕ್ಕಿಂತ ದೊಡ್ಡ ಸಂಗತಿ: ನಾವು ಅಕ್ಷರ ಓದಲು ಬಳಸುವ ಅಕ್ಷಿಪಟದ ನಟ್ಟನಡುವಿನ ಚುಕ್ಕೆಯಲ್ಲಿ ನೀಲಿ ಕೋಶಗಳು ಇಲ್ಲವೇ ಇಲ್ಲ. ಸಾಲದ್ದಕ್ಕೆ ಕಣ್ಣಿನ ಮಸೂರ ನೀಲಿ ಬೆಳಕನ್ನು ಅಕ್ಷಿಪಟಕ್ಕಿಂತ ಸ್ವಲ್ಪ ಮುಂದೆಯೇ ಕೂಡಿಸಿಬಿಡುತ್ತದೆ. ಕಪ್ಪು ಟರ್ಮಿನಲ್ಲಿನಲ್ಲಿ ಕಡುನೀಲಿ ಫೋಲ್ಡರ್ ಹೆಸರುಗಳನ್ನು ಕಣ್ಣು ಕಿರಿದು ಮಾಡಿಕೊಂಡು ಓದಿದವರೆಲ್ಲರಿಗೂ ಈ ವಿವರ ಸಮಾಧಾನ ತರಬೇಕು. ತಪ್ಪು ಕನ್ನಡಕದ್ದಲ್ಲ.

ಎರಡು ಹೊಳಪುಗಳ ಅಂತರಕ್ಕೆ ಜಾಲತಾಣಗಳ ಸುಗಮ ಬಳಕೆಯ ನಿಯಮಾವಳಿ ಒಂದು ಅನುಪಾತ ಕೊಟ್ಟಿದೆ. ಹೆಚ್ಚು ಹೊಳಪಿಗೆ 0.05 ಕೂಡಿಸು, ಕಡಿಮೆ ಹೊಳಪಿಗೂ 0.05 ಕೂಡಿಸು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸು. ಕಪ್ಪು-ಬಿಳಿಗೆ ಉತ್ತರ 21, ಅದೇ ಗರಿಷ್ಠ. ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, 7 ಇದ್ದರೆ ಉತ್ತಮ. ಕಪ್ಪಿನ ಮೇಲೆ ಅಪ್ಪಟ ಹಸಿರಿಗೆ 15.3 ಬರುತ್ತದೆ, ಅಪ್ಪಟ ನೀಲಿಗೆ 2.4. ಬಿಳಿಯ ಮೇಲೆ ಅಪ್ಪಟ ಹಳದಿಗೆ 1.07, ಅಂದರೆ ಬರೆದದ್ದೂ ಒಂದೇ ಬರೆಯದಿದ್ದದ್ದೂ ಒಂದೇ.

ಇದನ್ನು ಸ್ಕ್ರಿಪ್ಟಿಗೆ ಸೇರಿಸಲು ಹತ್ತಾರು ಸಾಲು ಹೆಚ್ಚಾಗಬಹುದು. ಆದರೆ ಸಿಗುವ ಫಲ ದೊಡ್ಡದು. ಡ್ರಾಕ್ಯುಲಾದಲ್ಲಿ ಸಾಮಾನ್ಯ ಪದಗಳ ಅನುಪಾತ 13.4, ಭೇಷ್. ಅದರಲ್ಲೇ ಕಮೆಂಟುಗಳ ಅನುಪಾತ 3.0. ಸೋಲರೈಸ್ಡ್‌ನ ಕಡುರೂಪದಲ್ಲಿ ಸಾಮಾನ್ಯ ಪದಕ್ಕೆ 4.75, ಕಮೆಂಟಿಗೆ 2.8. ಸ್ಕೂನೋವರ್ ಕಣ್ಣುಮುಚ್ಚಿ ಬಣ್ಣ ಆರಿಸಿದವರಲ್ಲ. ಕಣ್ಣಿಗೆ ಸಮಾನವಾಗಿ ಕಾಣುವ ಅಂತರಗಳ ಮೇಲೆ ಕಟ್ಟಿದ, 1976ರಲ್ಲಿ ರೂಢಿಗೆ ಬಂದ ಸಿಐಇ ಲ್ಯಾಬ್ ಬಣ್ಣಮಾಪನದಲ್ಲಿ ಲೆಕ್ಕ ಹಾಕಿ ಎಂಟು ಬೂದುಛಾಯೆ, ಎಂಟು ಬಣ್ಣ ಜೋಡಿಸಿದವರು. ಅಂತರ ಕಡಿಮೆ ಇರಲಿ ಎಂಬುದು ಅವರ ಉದ್ದೇಶವೇ ಆಗಿತ್ತು. ಅದನ್ನು ಮೆಚ್ಚುವವರು ಸಾಕಷ್ಟಿದ್ದಾರೆ. ನನಗೆ ಒಗ್ಗದಿರುವುದು ಕಮೆಂಟನ್ನು ಹಿನ್ನೆಲೆಗೆ ತಳ್ಳುವ ಈ ಎಲ್ಲರ ಚಾಳಿ. ಕೋಡಿನಲ್ಲಿ ಮನುಷ್ಯ ಮನುಷ್ಯನಿಗೆ ಹೇಳುವ ಮಾತು ಅದೊಂದೇ. ಅದನ್ನೇ ಮಸುಕಾಗಿಸಿದರೆ ಹೇಗೆ?

ಈಗ ಆ 0.05ರ ವಿಷಯ. ಪರದೆ ಪೂರ್ತಿ ಕಪ್ಪಗಿದ್ದರೂ ಕೋಣೆಯ ಬೆಳಕು ಅದರ ಮೇಲೆ ಬಿದ್ದು ಒಂದಿಷ್ಟು ವಾಪಸ್ ಬರುತ್ತದೆ. ಆ ಮರುಬೆಳಕಿನ ಲೆಕ್ಕವೇ 0.05. ಸೀರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮೆಚ್ಚಿದ್ದನ್ನು ಬಾಗಿಲ ಬಳಿ ತಂದು ಬಿಸಿಲಿಗೆ ಹಿಡಿದು ನೋಡುವ ಅಮ್ಮಂದಿರಿಗೆ ಗೊತ್ತಿರುವುದು ಬಹಳಷ್ಟು ಪ್ರಿವ್ಯೂ ಸ್ಕ್ರಿಪ್ಟುಗಳಿಗೆ ಗೊತ್ತಿಲ್ಲ. ಕಿಟಕಿ ತೆರೆದ ಮಧ್ಯಾಹ್ನದ ಕೋಣೆಯಲ್ಲಿ ಈ ಮರುಬೆಳಕು ಮೂರು ಪಟ್ಟಾಗಿ 0.15ಕ್ಕೆ ಏರಿತು ಎಂದುಕೊಳ್ಳೋಣ. ಕಡು ಸೋಲರೈಸ್ಡ್‌ನ ಅನುಪಾತ 4.75ರಿಂದ 2.5ಕ್ಕೆ ಕುಸಿಯುತ್ತದೆ. ಅದೇ ಸೋಲರೈಸ್ಡ್‌ನ ತಿಳಿರೂಪ, ಕೆನೆಬಣ್ಣದ ಹಿನ್ನೆಲೆಯದು, 4.1ರಿಂದ 3.2ಕ್ಕಷ್ಟೇ ಇಳಿಯುತ್ತದೆ. ಮಬ್ಬು ಬೆಳಕಿನಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಬಿಸಿಲಿನಲ್ಲಿ ಎರಡನೆಯದಾಯಿತು. ಬಣ್ಣಗಳ ಪಟ್ಟಿ ಬದಲಾಗಿಲ್ಲ, ಪರದೆ ಬದಲಾಗಿಲ್ಲ, ಕಿಟಕಿ ತೆರೆದದ್ದೊಂದೇ ವ್ಯತ್ಯಾಸ. ಕಪ್ಪು ಥೀಮು ಕಣ್ಣಿಗೆ ತಂಪೋ ಬಿಳಿ ಥೀಮು ಒಳ್ಳೆಯದೋ ಎಂಬ ಕೊನೆಯಿಲ್ಲದ ಜಗಳದಲ್ಲಿ ಎರಡೂ ಕಡೆಯವರು ತಾವು ಕೂತ ಕೋಣೆಯ ಬಗ್ಗೆ ಚಕಾರವೆತ್ತುವುದಿಲ್ಲ. ಸ್ಕ್ರಿಪ್ಟಿನಲ್ಲಿ ಮರುಬೆಳಕಿನ ಈ ಅಂಕಿಯನ್ನು ಸ್ಥಿರವಾಗಿ ಬರೆಯದೆ ಬದಲಿಸಬಹುದಾದ ಚರಾಂಕವಾಗಿ ಇಡಿ.

ಒಂದು ತಾಂತ್ರಿಕ ಕಿರಿಕಿರಿಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ನೀವು ಟರ್ಮಿನಲ್ಲಿನೊಳಗೆ ಎಡಿಟರ್ ಓಡಿಸುವವರಾದರೆ ನಿಮಗೆ ಕಾಣುವ ಬಣ್ಣ ಸ್ಕೀಮಿನದೇ ಎಂಬ ಖಾತರಿಯಿಲ್ಲ. ಹಳೆಯ ಟರ್ಮಿನಲ್ ಪದ್ಧತಿಯಲ್ಲಿ ಬಣ್ಣಗಳು ಒಟ್ಟು 256: ಮೂಲದವು 16, ಆರಾರು ಮಟ್ಟಗಳ ಘನದಲ್ಲಿ 216, ಬೂದುಗಳು 24. ಆ ಆರು ಮಟ್ಟಗಳೂ ಸಮ ಅಂತರದಲ್ಲಿಲ್ಲ. 0, 95, 135, 175, 215, 255. ಸೊನ್ನೆಗೂ 95ಕ್ಕೂ ನಡುವೆ ಏನೂ ಇಲ್ಲ. ಕಡು ಹಿನ್ನೆಲೆಯ ಸ್ಕೀಮುಗಳೆಲ್ಲ ವಾಸಿಸುವುದು ಆ ಖಾಲಿ ಜಾಗದಲ್ಲೇ. ಸೋಲರೈಸ್ಡ್‌ನ ಹಿನ್ನೆಲೆ 0, 43, 54 ಎಂಬ ಕಡಲನೀಲಿ. 256ರಲ್ಲಿ ಅದಕ್ಕೆ ಅತಿ ಹತ್ತಿರವಾದದ್ದು 234ನೇ ಸಂಖ್ಯೆ, ಅಂದರೆ 28, 28, 28 ಎಂಬ ಬರೀ ಬೂದು. ಕಡಲು ಹೋಯಿತು, ಬೂದಿ ಉಳಿಯಿತು. ಈಗಿನ ಬಹಳಷ್ಟು ಟರ್ಮಿನಲ್ಲುಗಳಿಗೆ 1.67 ಕೋಟಿ ಬಣ್ಣ ತೋರಿಸಲು ಬರುತ್ತದೆ. ವಿಮ್‌ನಲ್ಲಿ 'ಟರ್ಮ್‌ಗುಯ್‌ಕಲರ್ಸ್' ಎಂಬ ಆಯ್ಕೆಯನ್ನು ಚಾಲೂ ಮಾಡಿದರಾಯಿತು. ಪೆರೇಡಿಗೆ ಮುಂಚೆ ಇದನ್ನು ನೋಡಿಕೊಳ್ಳದಿದ್ದರೆ ಒಂದು ಸ್ಕೀಮನ್ನು ಅದರ ವೇಷಧಾರಿಯನ್ನು ನೋಡಿ ತಿರಸ್ಕರಿಸಿದಂತಾಗುತ್ತದೆ.

ಯಾವ ಪುಟ ತೋರಿಸಬೇಕು

ಪ್ರಿವ್ಯೂ ಅಂದರೆ ಏನನ್ನೋ ಬಣ್ಣ ಹಚ್ಚಿ ತೋರಿಸುವುದು. ಆ ಏನನ್ನೋ ಯಾವುದು? ಸ್ಕೀಮಿನ ಕರ್ತೃಗಳು ಹಂಚುವ ಚಿತ್ರಗಳಲ್ಲಿ ಮುದ್ದಾದ ಇಪ್ಪತ್ತು ಸಾಲಿನ ಕೋಡಿರುತ್ತದೆ. ಎಲ್ಲ ಬಣ್ಣಗಳೂ ಹದವಾಗಿ ಹರಡಿರುತ್ತವೆ. ನಿಜವಾದ ಕೆಲಸದಲ್ಲಿ ಪರದೆ ಹಾಗಿರುವುದಿಲ್ಲ. ಅರ್ಧ ಪರದೆ ಕಮೆಂಟಾಗಿರಬಹುದು, ಅಥವಾ ಸ್ಟ್ರಿಂಗುಗಳೇ ತುಂಬಿದ ಉದ್ದನೆಯ ಪಟ್ಟಿಯಿರಬಹುದು. ಆದ್ದರಿಂದ ನೀವು ದಿನಾ ತೆರೆಯುವ ಕಡತವೇ ಪ್ರಿವ್ಯೂ ಪುಟವಾಗಲಿ. ಅದಕ್ಕೆ ಕೆಲವು ಅಪರೂಪದ ಅತಿಥಿಗಳನ್ನು ಸೇರಿಸಬೇಕು: ಹುಡುಕಿದ ಪದ, ಆಯ್ದು ಹಿಡಿದ ಸಾಲು, ಜೋಡಿ ಆವರಣ, ಕಾಗುಣಿತ ತಪ್ಪಿದ ಪದ, ದೋಷದ ಸಂದೇಶ, ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸದ ಸಾಲುಗಳು. ಸ್ಕೀಮುಗಳು ಕೈಕೊಡುವುದು ಮುಖ್ಯ ಬಣ್ಣಗಳಲ್ಲಿ ಅಲ್ಲ, ಇಂಥ ಮೂಲೆಗಳಲ್ಲಿ. ಆಯ್ದ ಭಾಗದ ಹಿನ್ನೆಲೆಯೂ ಕಮೆಂಟಿನ ಬಣ್ಣವೂ ಒಂದೇ ಆಗಿ, ಆಯ್ದ ಕೂಡಲೇ ಕಮೆಂಟು ಮಾಯವಾಗುವ ಸ್ಕೀಮುಗಳಿಗೆ ಬರವಿಲ್ಲ.

ವ್ಯತ್ಯಾಸದ ಸಾಲುಗಳಲ್ಲಿ ತೆಗೆದದ್ದಕ್ಕೆ ಕೆಂಪು, ಸೇರಿಸಿದ್ದಕ್ಕೆ ಹಸಿರು ಎಂಬುದು ವಾಡಿಕೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ಗೊತ್ತಾಗುವುದಿಲ್ಲ. ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರು. ಸಂಬಂಧಪಟ್ಟ ಜೀನುಗಳು ಎಕ್ಸ್ ವರ್ಣತಂತುವಿನ ಮೇಲಿವೆ, ಗಂಡಸರಿಗೆ ಅದರ ಪ್ರತಿ ಒಂದೇ. ಈ ಬಣ್ಣಗುರುಡನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದವನು ಪರಮಾಣುವಾದದ ಜಾನ್ ಡಾಲ್ಟನ್, 1794ರಲ್ಲಿ, ತನ್ನ ಕಣ್ಣುಗಳನ್ನೇ ಉದಾಹರಣೆಯಾಗಿಟ್ಟುಕೊಂಡು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂಬುದು ಅವನ ಊಹೆ. ಸತ್ತ ಮೇಲೆ ತೆಗೆದು ನೋಡಿ ಎಂದು ಹೇಳಿಟ್ಟಿದ್ದ. 1844ರಲ್ಲಿ ನೋಡಿದರು, ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಕಣ್ಣಿನ ಚೂರಿನಿಂದ 1995ರಲ್ಲಿ ಡಿಎನ್‌ಎ ತೆಗೆದು ಪರೀಕ್ಷಿಸಿದಾಗ ಅವನಲ್ಲಿ ನಡುವಿನ, ಅಂದರೆ 530 ನ್ಯಾನೊಮೀಟರ್ ಆಸುಪಾಸಿನ ಶಂಕುಕೋಶದ ವರ್ಣಕವೇ ಇರಲಿಲ್ಲವೆಂದು ತಿಳಿಯಿತು.

ಡಾಲ್ಟನನ ಕಣ್ಣಿನಿಂದ ನೋಡುವುದು ಈಗ ಒಂಬತ್ತು ಅಂಕಿಗಳ ಗುಣಾಕಾರ. 2009ರಲ್ಲಿ ಬ್ರೆಜಿಲಿನ ಮಚಾದೊ ಮತ್ತು ಸಂಗಡಿಗರು ಬಣ್ಣಗುರುಡಿನ ಬಗೆಬಗೆಗೂ ತೀವ್ರತೆಗೂ ಮೂರು ಸಾಲು ಮೂರು ಕಂಬದ ಕೋಷ್ಟಕಗಳನ್ನು ಕೊಟ್ಟಿದ್ದಾರೆ. ಸ್ಕೀಮಿನ ಪ್ರತಿ ಬಣ್ಣವನ್ನೂ ಅದರಿಂದ ಗುಣಿಸಿ ಮತ್ತೆ ಹಚ್ಚಿದರೆ, ಸೇರಿಸಿದ ಸಾಲೂ ತೆಗೆದ ಸಾಲೂ ಒಂದೇ ಕಂದುಹಳದಿಯಾಗಿ ನಿಲ್ಲುವುದನ್ನು ನೋಡಬಹುದು. ನಿಮಗೆ ಈ ತೊಂದರೆ ಇಲ್ಲದಿರಬಹುದು. ಪಕ್ಕದ ಕುರ್ಚಿಯವರಿಗೆ ನಿಮ್ಮ ಪರದೆ ತೋರಿಸುವ ದಿನ ಬಂದೇ ಬರುತ್ತದೆ.

ಕೋಡಿನ ನಡುವೆ ಕನ್ನಡ ಬರೆಯುವವರಿಗೆ ಇನ್ನೊಂದು ಮಾತು ಹೇಳಬೇಕು. ಅನುವಾದದ ಕಡತಗಳಲ್ಲಿ, ಪಾಠಕ್ಕಾಗಿ ಬರೆದ ಕಮೆಂಟುಗಳಲ್ಲಿ, ನಿಘಂಟಿನ ದತ್ತಾಂಶದಲ್ಲಿ ಕನ್ನಡ ಬರುತ್ತದೆ. ಮೇಲೆ ಹೇಳಿದ ನಿಯಮಾವಳಿ ದೊಡ್ಡ ಅಕ್ಷರಕ್ಕೆ 3ರ ಅನುಪಾತ ಸಾಕು ಎನ್ನುತ್ತದೆ. ಅಕ್ಷರ ದೊಡ್ಡದಾದಷ್ಟೂ ಕಡಿಮೆ ಅಂತರ ಸಾಕು ಎಂಬ ಕಾರಣಕ್ಕೆ. ಅದನ್ನು ತಿರುಗಿಸಿ ನೋಡಿದರೆ, ಚಿಕ್ಕದಾದಷ್ಟೂ ಹೆಚ್ಚು ಬೇಕು. 'ರಾಷ್ಟ್ರ' ಎಂದು ಬರೆದಾಗ ಕೆಳಗೆ ಕೂರುವ ಎರಡು ಒತ್ತುಗಳು ಮುಖ್ಯ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. ಇಂಗ್ಲಿಷ್ ಕಮೆಂಟಿಗೆ ಹೇಗೋ ನಡೆದುಹೋಗುವ 2.8ರ ಬೂದುಬಣ್ಣದಲ್ಲಿ ಮೊದಲು ಕರಗಿಹೋಗುವುದು ಈ ಒತ್ತುಗಳೇ. ಮೇಲಾಗಿ ಬಹಳಷ್ಟು ಸ್ಕೀಮುಗಳು ಕಮೆಂಟನ್ನು ಓರೆ ಅಕ್ಷರದಲ್ಲಿ ತೋರಿಸುತ್ತವೆ. ಬಹುಪಾಲು ಕನ್ನಡ ಫಾಂಟುಗಳಿಗೆ ಓರೆ ರೂಪವೇ ಇಲ್ಲ. ಕಂಪ್ಯೂಟರು ನೆಟ್ಟಗಿದ್ದದ್ದನ್ನೇ ವಾಲಿಸಿಬಿಡುತ್ತದೆ. ಪ್ರಿವ್ಯೂ ಪುಟದಲ್ಲಿ ಒತ್ತಕ್ಷರ ತುಂಬಿದ ಒಂದು ಕನ್ನಡ ಕಮೆಂಟು ಇರಲೇಬೇಕು. ಸಾಧ್ಯವಾದರೆ ಅದನ್ನು ಟರ್ಮಿನಲ್ಲಿನಲ್ಲಿ ಅಲ್ಲ, ಎಡಿಟರಿನ ಸ್ವಂತ ಕಿಟಕಿಯಲ್ಲಿ ನೋಡಿ. ಅಕ್ಷರಕ್ಕೊಂದು ಮನೆ ಎಂಬ ಟರ್ಮಿನಲ್ಲಿನ ಚೌಕಟ್ಟಿಗೆ ಕನ್ನಡ ಇನ್ನೂ ಸರಿಯಾಗಿ ಕೂರುವುದಿಲ್ಲ.

ಇಷ್ಟೆಲ್ಲ ಮಾಡಿ ಆರಿಸಿದ ಬಣ್ಣದಿಂದ ಕೋಡು ಬೇಗ ಅರ್ಥವಾಗುತ್ತದೆಯೇ? 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 390 ವಿದ್ಯಾರ್ಥಿಗಳಿಗೆ ಕೋಡನ್ನು ಬಣ್ಣವಿದ್ದೂ ಬಣ್ಣವಿಲ್ಲದೆಯೂ ಕೊಟ್ಟು ಪ್ರಶ್ನೆ ಕೇಳಿದರು. ಉತ್ತರಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೊಸದಾಗಿ ಕಲಿಯುವವರ ಮೇಲೆ ನಡೆದ ಪ್ರಯೋಗ ಅದು, ದಿನಕ್ಕೆ ಎಂಟು ಗಂಟೆ ಪರದೆ ನೋಡುವವರ ಮೇಲಲ್ಲ. ಆದರೂ ಬಣ್ಣದಿಂದ ಬುದ್ಧಿ ಚುರುಕಾಗುತ್ತದೆ ಎಂಬ ಭ್ರಮೆ ಬೇಡ. ನಾವು ಆರಿಸುತ್ತಿರುವುದು ಕಣ್ಣಿಗೆ ಶ್ರಮವಾಗದ ಒಂದು ಪುಟವನ್ನು, ಅಷ್ಟೆ.

ಅದಕ್ಕೆ ನನ್ನ ಜರಡಿ ಹೀಗಿದೆ. ಮೊದಲು ಅಳತೆ, ಆಮೇಲೆ ಕಣ್ಣು. ಕಮೆಂಟಿನ ಅನುಪಾತ 4.5ಕ್ಕಿಂತ ಕೆಳಗಿರುವ ಸ್ಕೀಮುಗಳನ್ನು ಸ್ಕ್ರಿಪ್ಟು ಪೆರೇಡಿಗೇ ಬಿಡುವುದಿಲ್ಲ. ಹೆಸರುವಾಸಿಯಾದ ಹಲವು ಅಲ್ಲೇ ಉದುರಿಹೋಗುತ್ತವೆ, ಹೋಗಲಿ. ಉಳಿದವನ್ನು ಹೊಳಪಿನ ಕ್ರಮದಲ್ಲಿ ಮಧ್ಯಾಹ್ನ ಒಮ್ಮೆ, ರಾತ್ರಿ ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ, ಹಗಲಿಗೊಂದು ರಾತ್ರಿಗೊಂದು ಇಟ್ಟುಕೊಳ್ಳಿ. ಸ್ಕ್ರಿಪ್ಟ್ ಬರೆಯುವ ಗೋಜೇ ಬೇಡ ಎನ್ನುವವರು ಎಮ್ಯಾಕ್ಸ್ ಜೊತೆಗೆ 2022ರಿಂದ ಬರುತ್ತಿರುವ 'ಮೋಡಸ್' ಥೀಮುಗಳನ್ನು ನೋಡಬಹುದು. ಅವು 7ರ ಅನುಪಾತವನ್ನೇ ಗುರಿಯಾಗಿಟ್ಟುಕೊಂಡು ಮಾಡಿದವು, ಬಣ್ಣಗುರುಡಿನವರಿಗಾಗಿ ಬೇರೆ ರೂಪಗಳೂ ಇವೆ. ನೋಡಲು ಅಷ್ಟೇನೂ ಸುಂದರವಲ್ಲ.